1911ರ ಬೆಳ್ಳಿ ರೂಪಾಯಿ: ದರ್ಜೆ ಯಾವುದು, ಬೆಲೆ ಎಷ್ಟು ಕಟ್ಟಬಹುದು?

ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಮನೆ ಪಾಲಾಗ್ತಾ ಇದೆ. ದೇವರ ಕೋಣೆಯ ಹಿತ್ತಾಳೆ ಸಂಪುಟದಲ್ಲಿ ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳು ಇದ್ದವು. ಲಕ್ಷ್ಮೀಪೂಜೆಗೆ ಇಡ್ತಾ ಇದ್ದದ್ದು. ಹೆಚ್ಚಿನವು 1912ರಿಂದ 1919ರ ಒಳಗಿನವು, ಒಂದೇ ಒಂದು 1911ರದ್ದು. ಅದು ಅಪರೂಪದ್ದು ಅಂತ ನಮ್ಮಣ್ಣ ಯಾವುದೋ ವಿಡಿಯೊದಲ್ಲಿ ನೋಡಿದ್ದಾನೆ. ಅದರಲ್ಲಿ ಹತ್ತು ಲಕ್ಷ ಅಂದಿದ್ದಾರಂತೆ. ಪೇಟೆಯ ಆಭರಣದ ಅಂಗಡಿಗೆ ತೋರಿಸಿದರೆ ಅವರು ತಕ್ಕಡಿಗೆ ಹಾಕಿ ಬೆಳ್ಳಿ ದರ ಹೇಳಿದರು, ಅಷ್ಟೆ.

ಹತ್ತು ಲಕ್ಷಕ್ಕೂ ತೂಕದ ಬೆಳ್ಳಿಗೂ ನಡುವೆ ನಿಜ ಎಲ್ಲಿದೆ ಅಂತ ತಿಳಿಯಬೇಕು. ಅಕ್ಕ ತಂಗಿಯರಿಗೂ ಪಾಲಿದೆ, ಯಾರಿಗೂ ಮೋಸ ಆಗಬಾರದು. ಎರಡೂ ಮುಖದ ಫೋಟೊ ಹಾಕಿದ್ದೇನೆ. ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಕ 11.58 ಗ್ರಾಂ ಬಂತು. ತಿಳಿದವರು ದಯವಿಟ್ಟು ಹೇಳಿ.

ಹಳೇಬಿಲ್ಲೆ

ಮಲೆನಾಡಿಗರೇ, ಮೊದಲಿಗೆ ಒಂದು ಮಾತು. ಇನ್ನು ಮುಂದೆ ಆ ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಒರೆಸಬೇಡಿ, ತೊಳೆಯಬೇಡಿ. ಈ ಚರ್ಚೆ ಮುಗಿಯುವ ತನಕವಾದರೂ ಯಾರ ಕೈಗೂ ಕೊಡಬೇಡಿ.

1911ರ ರೂಪಾಯಿಗೆ ಹೆಸರು ಬಂದದ್ದು ರಾಜನ ಎದೆ ಮೇಲಿರುವ ಒಂದು ಪುಟ್ಟ ಆನೆಯಿಂದ. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರ ಮೇ ತಿಂಗಳಲ್ಲಿ. ಅವನ ಮುಖವಿರುವ ಮೊದಲ ರೂಪಾಯಿ ಈ 1911ರದ್ದು. ಶಿಲ್ಪಿ ಬರ್ಟ್ರಮ್ ಮೆಕೆನಲ್ ಕಡೆದ ಚಿತ್ರದಲ್ಲಿ ರಾಜ ನಿಲುವಂಗಿಯ ಮೇಲೆ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಹಾರ ಹಾಕಿಕೊಂಡಿದ್ದಾನೆ. ಆ ಹಾರದಲ್ಲಿ ಆನೆ ಇದೆ. ಅದರ ಸೊಂಡಿಲು ಮೊಂಡಾಗಿ, ಬಾಲ ಗಿಡ್ಡವಾಗಿ ಅಚ್ಚಾಗಿ, ಜನರ ಕಣ್ಣಿಗೆ ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು, ಸರ್ಕಾರ ವಿತರಣೆ ನಿಲ್ಲಿಸಿತು. ಕಲ್ಕತ್ತ, ಬೊಂಬಾಯಿ ಎರಡೂ ಟಂಕಸಾಲೆ ಸೇರಿ ಸುಮಾರು 94 ಲಕ್ಷ ನಾಣ್ಯ ಅಚ್ಚಾಗಿತ್ತು. ಜನರ ಕೈಗೆ ಹೋದದ್ದು ಸುಮಾರು 7 ಲಕ್ಷ ಮಾತ್ರ, ಉಳಿದದ್ದು ಕುಲುಮೆಗೆ ಹೋಯಿತು. 1912ರಿಂದ ಆನೆಗೆ ಸೊಂಡಿಲು ಉದ್ದ ಬಿಟ್ಟು, ಕಿವಿ ದೊಡ್ಡದು ಮಾಡಿ ಹೊಸ ಅಚ್ಚು ತಂದರು. ಸಂಗ್ರಹಕಾರರು ಇದನ್ನು ‘ಪಿಗ್ ರುಪೀ’ ಅಂತಲೇ ಕರೆಯುವುದು.

ಏಳು ಲಕ್ಷ ಅಂದರೆ ಎಷ್ಟು ಅಂತ ಸ್ವಲ್ಪ ಯೋಚಿಸಿ. ಕಡಿಮೆಯೇ, ಆದರೆ ಸಿಗದೇ ಹೋಗುವಷ್ಟು ಕಡಿಮೆ ಅಲ್ಲ. ಯಾವುದೇ ದೊಡ್ಡ ನಾಣ್ಯ ಪ್ರದರ್ಶನಕ್ಕೆ ಹೋದರೂ ಒಂದೆರಡು ಮೇಜಿನ ಮೇಲೆ ಸವೆದ 1911 ಕಾಣುತ್ತದೆ. ಹಾಗಾಗಿ ಇಸವಿ ಒಂದೇ ಬೆಲೆ ತರುವುದಿಲ್ಲ. ಅದೇ ಇಸವಿಯ ಸವೆದ ಪ್ರತಿಗೂ ಹೊಳಪು ಕೆಡದ ಪ್ರತಿಗೂ ಬೆಲೆಯಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಬರಬಹುದು. ಹತ್ತು ಲಕ್ಷದ ಮಾತನ್ನು ಈಗಲೇ ಮನಸ್ಸಿನಿಂದ ತೆಗೆದುಬಿಡಿ. ತೂಕದ ಬೆಳ್ಳಿಯ ಮಾತನ್ನೂ ತೆಗೆದುಬಿಡಿ.

ನಿಮ್ಮ ಹತ್ತಿರವೇ 1912ರ ನಂತರದ ರೂಪಾಯಿಗಳಿವೆಯಲ್ಲ, ಅದಕ್ಕಿಂತ ಒಳ್ಳೆಯ ಪಾಠದ ಪುಸ್ತಕ ಬೇರೆ ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಆನೆ ನೋಡಿ, ಕಂಡದ್ದನ್ನು ಬರೆಯಿರಿ.

ಲೆನ್ಸ್‌ಕಣ್ಣು

ಹಳೇಬಿಲ್ಲೆ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹಿಂಬದಿಯಲ್ಲಿ ಹೂಬಳ್ಳಿ ಸುತ್ತ ಬಂದಿದೆಯಲ್ಲ, ಗುಲಾಬಿ, ಥಿಸಲ್, ಶ್ಯಾಮ್‌ರಾಕ್, ಕೆಳಗೆ ತಾವರೆ. ಆ ತಾವರೆಯ ಕೆಳಗಿನ ಸಂದಿಯಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಉಬ್ಬಿದ ಚುಕ್ಕಿ ಇದೆಯಾ ನೋಡಿ. ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತ. ಕೊಳೆ ಕೂತು ಮುಚ್ಚಿದ್ದರೆ ಕೆದಕಲು ಹೋಗಬೇಡಿ.

ಫೋಟೊ ಬಗ್ಗೆಯೂ ಹೇಳಬೇಕು. ನೀವು ಹಾಕಿರುವುದು ಫ್ಲ್ಯಾಶ್ ಹಾಕಿ ತೆಗೆದದ್ದು. ಅದರಲ್ಲಿ ಗೀರೆಲ್ಲ ಮುಚ್ಚಿಹೋಗುತ್ತದೆ, ನಾಣ್ಯ ಹೊಸದರಂತೆ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬ್ ಹಚ್ಚಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಇಟ್ಟು ತೆಗೆಯಿರಿ. ನಾಣ್ಯವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ನಾಲ್ಕು ಫೋಟೊ. ಅಂಚಿನ ಹಲ್ಲುಗಳದ್ದೂ ಒಂದು ಬೇಕು.

ಪತ್ತಾರ ಓಣಿ

ಮಲೆನಾಡಿಗ್ರ, ನಮಸ್ಕಾರ ರೀ. ನಮ್ಮದು ಧಾರವಾಡ ಕಡೆ, ಮನಿತನದ ಉದ್ಯೋಗ ಪತ್ತಾರಿಕಿ. ನಿಮ್ಮ ತೂಕದ ಬಗ್ಗೆ ಹೇಳ್ತೀನಿ. ರೂಪಾಯಿ ಅಂದ್ರ ಒಂದು ತೊಲಿ, 11.66 ಗ್ರಾಂ. ನಮ್ಮ ಅಜ್ಜಾರ ಕಾಲಕ್ಕ ಬಂಗಾರ ತೂಗೂದೇ ರೂಪಾಯಿ ಇಟ್ಟು. ಸವದ ರೂಪಾಯಿ ಇಟ್ಟು ತೂಗಿದ್ರ ಗಿರಾಕಿಗೆ ಮೋಸ ಅಂತ ಚಲೋ ಛಾಪ ಇದ್ದದ್ದೇ ಆರಿಸಿ ಇಡ್ತಿದ್ರು. ನಿಮ್ಮದು 11.58 ಐತಿ ಅಂದ್ರ ಸವಕಳಿ ಭಾಳ ಆಗಿಲ್ಲ. 11.3, 11.4ಕ್ಕ ಇಳದಿದ್ರ ಅದು ಕೈ ಕೈ ತಿರುಗಿದ ರೂಪಾಯಿ ಅಂತ ತಿಳ್ಕೋಬೇಕು.

ಇನ್ನೊಂದು, ಖರೇ ಬೆಳ್ಳಿ ಹೌದೋ ಅಲ್ಲೋ ನೋಡಾಕ ಯಾರೂ ಕಾನಸು ಹಚ್ಚಬಾರದು, ಒರೆಗಲ್ಲಿಗೆ ತಿಕ್ಕಬಾರದು. ಅಂಗಡಿಗೆ ಒಯ್ದಿದ್ರಿ ಅಂದ್ರಿ, ಅಲ್ಲೇನರ ತಿಕ್ಕಿದ್ರೇನು?

ಮಲೆನಾಡಿಗ

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ನೋಡಿದೆ.

ಆನೆ ನಿಜಕ್ಕೂ ಬೇರೆ! 1914ರದ್ದರಲ್ಲಿ ಸೊಂಡಿಲು ಕೆಳಗೆ ಇಳಿದು ಸ್ಪಷ್ಟವಾಗಿದೆ. 1911ರದ್ದರಲ್ಲಿ ಮೂತಿ ಹತ್ತಿರವೇ ಕಡಿದ ಹಾಗೆ ನಿಂತಿದೆ. ಇಷ್ಟು ವರ್ಷ ಪೂಜೆಗೆ ಇಟ್ಟು ತೆಗೆದು ಮಾಡಿದ್ದೇವೆ, ಒಬ್ಬರೂ ಗಮನಿಸಿರಲಿಲ್ಲ. ತಾವರೆ ಕೆಳಗೆ ಚುಕ್ಕಿ ಇದೆ. ಅಂಗಡಿಯಲ್ಲಿ ತಿಕ್ಕಿದ್ದು ನಾನು ನೋಡಲಿಲ್ಲ, ಆದರೆ ಅಣ್ಣ ಒಮ್ಮೆ ಬೇರೆ ಕಡೆಯೂ ತೋರಿಸಿದ್ದ.

ಅಮ್ಮನ ಹತ್ತಿರ ಕೇಳಿದೆ. ದೀಪಾವಳಿಗೆ ಮೊದಲು ಹುಣಸೆಹಣ್ಣು, ವಿಭೂತಿ ಹಾಕಿ ಬೆಳ್ಳಿ ಸಾಮಾನಿನ ಜೊತೆ ರೂಪಾಯಿಗಳನ್ನೂ ತಿಕ್ಕಿ ತೊಳೆಯುವುದು ನಮ್ಮಲ್ಲಿ ಪದ್ಧತಿ. ಹೊಸ ಫೋಟೊ ಹಾಕಿದ್ದೇನೆ, ಒಂದೇ ಬಲ್ಬಿನದ್ದು.

ಲೆನ್ಸ್‌ಕಣ್ಣು

ಫೋಟೊ ಬಹಳ ಚೆನ್ನಾಗಿ ಬಂದಿದೆ. ಈಗ ಮಾತಾಡಬಹುದು.

ದರ್ಜೆ ನೋಡುವಾಗ ನಾನು ಮೊದಲು ನೋಡುವುದು ಎತ್ತರದ ಜಾಗಗಳನ್ನು. ಸವಕಳಿ ಶುರುವಾಗುವುದೇ ಅಲ್ಲಿ. ಈ ರೂಪಾಯಿಯಲ್ಲಿ ರಾಜನ ಹುಬ್ಬು, ಕಿವಿ, ಗಡ್ಡದ ಕೂದಲು, ಕಿರೀಟದ ಮುತ್ತಿನ ಸಾಲು, ನಿಲುವಂಗಿಯ ಕಸೂತಿ. ನಿಮ್ಮದರಲ್ಲಿ ಕಿರೀಟದ ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು. ಗಡ್ಡದ ಎಳೆಗಳು ದವಡೆ ಹತ್ತಿರ ಉಳಿದಿವೆ, ಕೆನ್ನೆಗೆ ಬರುವಷ್ಟರಲ್ಲಿ ಒಂದಕ್ಕೊಂದು ಸೇರಿ ನುಣ್ಣಗಾಗಿವೆ. ಕಿವಿಯ ಮೇಲಂಚು ಚಪ್ಪಟೆ. ಹುಬ್ಬು ಅರ್ಧ ಇದೆ. ಕಸೂತಿಯಲ್ಲಿ ಭುಜದ ಮೇಲಿನ ಹೂಗಳು ಮಸುಕು, ಆನೆ ಇರುವ ಭಾಗ ಮಾತ್ರ ಸಾಕಷ್ಟು ಸ್ಪಷ್ಟ. ಹಿಂಬದಿ ಇನ್ನೂ ಚೆನ್ನಾಗಿದೆ, ತಾವರೆ ಎಸಳಿನ ನಡುಗೆರೆ ಕೂಡ ಕಾಣುತ್ತಿದೆ.

ಸವಕಳಿ ಮಾತ್ರ ಲೆಕ್ಕಕ್ಕೆ ಹಿಡಿದರೆ ಮುಂಬದಿ ವಿಎಫ್ (ವೆರಿ ಫೈನ್, ಸ್ವಲ್ಪ ಸವೆದರೂ ವಿವರ ಉಳಿದದ್ದು), ಹಿಂಬದಿ ಅದರ ಮೇಲಿನ ದರ್ಜೆಯಾದ ಎಕ್ಸ್‌ಎಫ್‌ಗೆ ಹತ್ತಿರ. ಎರಡೂ ಬದಿ ಬೇರೆಯಾದಾಗ ಮುಂಬದಿಯದ್ದನ್ನೇ ಹಿಡಿಯುವುದು ವಾಡಿಕೆ. 70 ಅಂಕದ ಶೆಲ್ಡನ್ ಪಟ್ಟಿಯಲ್ಲಿ ನಾನು ವಿಎಫ್ 30ರ ಸುತ್ತ ಇಡುತ್ತೇನೆ.

ಹಳೇಬಿಲ್ಲೆ

ಕಿವಿಯ ವಿಷಯದಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಚಪ್ಪಟೆ ಇದ್ದ ಮಾತ್ರಕ್ಕೆ ಸವೆದಿದೆ ಅನ್ನಲಾಗದು. ಅಚ್ಚು ಬಲವಾಗಿ ಒತ್ತದೇ ಇದ್ದರೂ ಎತ್ತರದ ಜಾಗದಲ್ಲಿ ಬೆಳ್ಳಿ ಪೂರ್ತಿ ತುಂಬದೆ ಹಾಗೆ ಕಾಣುತ್ತದೆ. ಎರಡನ್ನೂ ಬೇರೆ ಮಾಡುವುದು ಹೊಳಪು. ನಾಣ್ಯವನ್ನು ಬಲ್ಬಿನ ಕೆಳಗೆ ತಿರುಗಿಸಿದಾಗ ಬೆಳಕಿನ ಪಟ್ಟಿಯೊಂದು ಗಾಲಿಯ ಅರದ ಹಾಗೆ ಸುತ್ತ ತಿರುಗುತ್ತದೆ. ಅದು ಟಂಕಸಾಲೆಯಿಂದ ಬಂದ ಮೂಲ ಹೊಳಪು, ಯಾವ ಪಾಲಿಶಿನಿಂದಲೂ ಮರಳಿ ಬರುವುದಿಲ್ಲ. ಆ ಪಟ್ಟಿ ಕಿವಿಯ ಮೇಲೂ ಹಾದುಹೋದರೆ ಅಚ್ಚು ದುರ್ಬಲ, ಕಿವಿ ಹತ್ತಿರ ಬಂದು ತುಂಡಾಗಿ ಅಲ್ಲಿ ಬೂದು ಬಣ್ಣ ಕಂಡರೆ ಸವಕಳಿ.

ಮಲೆನಾಡಿಗರೇ, ಅದನ್ನೊಂದು ಚಿಕ್ಕ ವಿಡಿಯೊ ಮಾಡಿ ಹಾಕಲಿಕ್ಕೆ ಆಗುತ್ತದೆಯೇ?

ಮಲೆನಾಡಿಗ

ಹಾಕಿದ್ದೇನೆ ಸರ್. ನನಗೆ ಕಂಡ ಮಟ್ಟಿಗೆ ಹೇಳುವುದಾದರೆ, ಮುಂಬದಿಯ ಖಾಲಿ ಜಾಗದಲ್ಲಿ ಪಟ್ಟಿ ಸುತ್ತುವುದಿಲ್ಲ. ಎಲ್ಲಾ ಕಡೆ ಒಂದೇ ಸಮನೆ ಬೆಳ್ಳಗೆ ಮಿಂಚುತ್ತದೆ. ಅಕ್ಷರಗಳ ಬುಡದಲ್ಲಿ, ‘ಕಿಂಗ್’ ಅನ್ನುವ ಪದದ ಒಳಸಂದಿಯಲ್ಲಿ ಮಾತ್ರ ಸ್ವಲ್ಪ ರೇಷ್ಮೆಯಂಥ ಹೊಳಪಿದೆ. ಹಿಂಬದಿ ಹೂಬಳ್ಳಿಯ ಒಳಗೂ ಇದೆ.

ಲೆನ್ಸ್‌ಕಣ್ಣು

ವಿಡಿಯೊದಲ್ಲಿ ನಿರ್ಧಾರ ಆಯಿತು. ರಾಜನ ಮುಖದ ಎದುರಿನ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ, ಬಟ್ಟೆಯಲ್ಲಿ ತಿಕ್ಕಿದ ದಿಕ್ಕಿಗೆ. ಚಲಾವಣೆಯಲ್ಲಿ ಬಿದ್ದ ಗೀರುಗಳು ಹಾಗಿರುವುದಿಲ್ಲ, ಅಡ್ಡಾದಿಡ್ಡಿ ಇರುತ್ತವೆ, ಆಳವೂ ಬೇರೆಬೇರೆ. ವಿಭೂತಿ ಕಣ್ಣಿಗೆ ನುಣುಪು ಕಂಡರೂ ಬೆಳ್ಳಿಯ ಮೇಲೆ ಉಜ್ಜಿದರೆ ಗೀರು ಬಿಡುತ್ತದೆ. ಹುಣಸೆಯ ಹುಳಿ ಮೇಲಿನ ಪದರವನ್ನು ಕಿತ್ತುಕೊಂಡು ಹೋಗುತ್ತದೆ. ಕಿವಿಯ ಮೇಲಿರುವುದು ಸವಕಳಿಯೇ.

ಹಾಗಾಗಿ ನನ್ನ ಅಭಿಪ್ರಾಯ: ವಿಎಫ್ ಮಟ್ಟದ ವಿವರ, ತೊಳೆದ ನಾಣ್ಯ. ಎನ್‌ಜಿಸಿ, ಪಿಸಿಜಿಎಸ್‌ನಂಥ ದರ್ಜೆ ಸಂಸ್ಥೆಗಳು ಇಂಥದ್ದಕ್ಕೆ ಅಂಕ ಕೊಡುವುದಿಲ್ಲ. ‘ವಿಎಫ್ ಡೀಟೇಲ್ಸ್, ಕ್ಲೀನ್ಡ್’ ಅಂತ ಬರೆದು ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ. ಅಷ್ಟು ಬರೆದರೆ ಅದೇ ವಿಎಫ್‌ನ ಬೆಲೆಯೂ ಸಿಗುವುದಿಲ್ಲ.

ಪೇಟೆಬೀದಿ

ನಾನು ಬೆಂಗಳೂರಿನಲ್ಲಿ ಹಳೆ ನಾಣ್ಯದ ವ್ಯಾಪಾರ ಮಾಡುವವನು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಮನೆಮನೆಯ ಬೆಳ್ಳಿ ರೂಪಾಯಿ ತೊಳೆಯದೇ ಇರುವುದೇ ಅಪರೂಪ. ಪೂಜೆಗೆ ಇಟ್ಟಿರುತ್ತಾರೆ, ಕುಂಕುಮ ಹಚ್ಚಿರುತ್ತಾರೆ, ತೊಳೆದಿರುತ್ತಾರೆ. ಕೊಳ್ಳುವವರಲ್ಲೂ ಬಹಳ ಜನ ಬೆಳ್ಳಗೆ ಮಿನುಗುವುದನ್ನೇ ಕೇಳುತ್ತಾರೆ. ಕಪ್ಪು ಹತ್ತಿದ್ದನ್ನು ತೋರಿಸಿದರೆ ‘ಇದು ಬೇಡ, ಬೇರೆ ಕೊಡಿ’ ಅನ್ನುತ್ತಾರೆ. ಹೊರದೇಶದ ಅಳತೆಗೋಲನ್ನು ತಂದು ಇಲ್ಲಿನ ನಾಣ್ಯಕ್ಕೆ ಬೆಲೆ ಇಲ್ಲ ಅಂದರೆ ಮಾರುವವರಿಗೆ ಅನ್ಯಾಯ.

ಹಳೇಬಿಲ್ಲೆ

ಪೇಟೆಬೀದಿಯವರೇ, ಬೆಲೆ ಇಲ್ಲ ಅಂತ ಇಲ್ಲಿ ಯಾರೂ ಹೇಳಿಲ್ಲ. ಆದರೆ ನಿಮ್ಮ ಅಂಗಡಿಗೆ ಬಂದು ಮಿನುಗುವ ಒಂದು ನಾಣ್ಯ ಕೊಂಡು ಹೋಗುವವರು ಬೇರೆ, ಒಂದೇ ಇಸವಿಯ ಅತ್ಯುತ್ತಮ ಪ್ರತಿಗಾಗಿ ಹರಾಜಿನಲ್ಲಿ ಕೈ ಎತ್ತುವವರು ಬೇರೆ. ದೊಡ್ಡ ಬೆಲೆ ನಿಂತಿರುವುದು ಎರಡನೆಯವರ ಮೇಲೆ. ಅವರಿಗೆ ಬೇಕಿರುವುದು ಯಾರೂ ಮುಟ್ಟದ ಮೈ. ನೂರು ವರ್ಷ ಗಾಳಿಯಲ್ಲಿದ್ದ ಬೆಳ್ಳಿಗೆ ಅಂಚಿನಿಂದ ನಡುವಿಗೆ ನಿಧಾನವಾಗಿ ಬೂದು, ಜೇನು ಬಣ್ಣ, ಕೆಲವೊಮ್ಮೆ ನೀಲಿ ಏರಿರುತ್ತದೆ. ಆ ಪದರದ ಕೆಳಗೆ ಹೊಳಪು ಉಸಿರಾಡುತ್ತಾ ಇರುತ್ತದೆ. ಅದನ್ನು ತೊಳೆದು ಬೆಳ್ಳಗೆ ಮಾಡಿ ಮಾರುವ ಅಭ್ಯಾಸ ನನ್ನ ದೃಷ್ಟಿಯಲ್ಲಿ ನಾಣ್ಯಕ್ಕೆ ಮಾಡುವ ಹಾನಿ. ಒಂದು ಸಲ ಹೋದ ಮೈ ಮತ್ತೆ ಬರುವುದಿಲ್ಲವಲ್ಲ! ಮಾರುವವರೇ ತೊಳೆಯುವುದನ್ನು ನಿಲ್ಲಿಸಿದರೆ ಕೊಳ್ಳುವವರ ಕಣ್ಣೂ ತಾನಾಗಿ ತಿದ್ದುಕೊಳ್ಳುತ್ತದೆ.

ಪೇಟೆಬೀದಿ

ತೊಳೆಯಿರಿ ಅಂತ ನಾನೂ ಯಾರಿಗೂ ಹೇಳುವುದಿಲ್ಲ ಸರ್. ಗಿರಾಕಿ ತಂದದ್ದನ್ನು ಹಾಗೇ ಇಡುತ್ತೇನೆ. ಇಲ್ಲಿನ ಮಾರುಕಟ್ಟೆಯಲ್ಲಿ ತೊಳೆದ ವಿಎಫ್‌ಗೂ ತೊಳೆಯದ ವಿಎಫ್‌ಗೂ ಅಂತರ ನೀವು ಹೇಳಿದಷ್ಟು ದೊಡ್ಡದಲ್ಲ, ಅಂತರ ದೊಡ್ಡದಾಗುವುದು ಎಯು (ಸವಕಳಿ ತೀರ ಕಡಿಮೆ), ಯುಎನ್‌ಸಿ (ಚಲಾವಣೆಗೇ ಹೋಗದ್ದು) ಮಟ್ಟಕ್ಕೆ ಹೋದಾಗ. ಇಷ್ಟನ್ನು ಒಪ್ಪುತ್ತೀರಾ?

ಹಳೇಬಿಲ್ಲೆ

ಅದನ್ನು ಒಪ್ಪುತ್ತೇನೆ. ವಿಎಫ್‌ನಲ್ಲಿ ಕಳೆದುಕೊಳ್ಳಲು ಉಳಿದ ಹೊಳಪೇ ಕಡಿಮೆ.

ಪತ್ತಾರ ಓಣಿ

ಅಂಚಿನ ಫೋಟೋ ದೊಡ್ಡದು ಮಾಡಿ ನೋಡಿದೆ. ರಾಜನ ಮುಖ ಮುಂದಿಟ್ಟು ಗಡಿಯಾರ ಅಂತ ತಿಳಕೊಂಡ್ರ ಐದು ಗಂಟೆ ಕಡೆ ಹಲ್ಲು ನೋಡ್ರಿ. ನಾಲ್ಕೈದು ಹಲ್ಲಿನ ತುದಿ ಒಂದೇ ಸಪಾಟ ಆಗ್ಯಾವು, ಮಗ್ಗಲಿನ ಹಲ್ಲು ಚೂಪ ಅದಾವು. ಬಿದ್ದು ಪೆಟ್ಟಾಗಿದ್ರ ತಗ್ಗು ಬೀಳ್ತದ, ಬೆಳ್ಳಿ ಅತ್ತಿತ್ತ ಸರೀತದ. ಇಲ್ಲಿ ಬೆಳ್ಳಿ ಸರದಿಲ್ಲ, ಹೋಗ್ಯದ. ಇದು ಒರೆಗಲ್ಲಿಗೆ ಎಳದ ಗುರ್ತು. ಕಲ್ಲಿನ ಮ್ಯಾಲೆ ಗೆರಿ ಬೀಳಾಕ ಅಷ್ಟು ಸಾಕು.

ಹಳೇ ಗುರ್ತೋ ಹೊಸಾದೋ ಅಂದ್ರ, ತಿಕ್ಕಿದ ಜಾಗದ ಬಣ್ಣ ಉಳಿದ ಅಂಚಿನ ಬಣ್ಣಕ್ಕ ಕೂಡೇದ. ಹೊಸಾದಾಗಿದ್ರ ಅಲ್ಲಷ್ಟೇ ಬೆಳ್ಳಗ ಕಾಣ್ತಿತ್ತು. ಹಂಗಾಗಿ ಈಗಿನ ಅಂಗಡಿಯವರ ಮ್ಯಾಲೆ ಸಂಶಯ ಬ್ಯಾಡ್ರಿ, ಹಿಂದಕ್ಕ ಯಾರೋ ಅಡವು ಇಡಾಕ ಒಯ್ದಾಗ ಆಗಿರಬೇಕು. ಒಂದು ಸಮಾಧಾನ, ಮ್ಯಾಲೆ ಕೊಂಡಿ ಬೆಸದ ಗುರ್ತು ಎಲ್ಲೂ ಇಲ್ಲ. ಹನ್ನೆರಡು ಗಂಟೆ ಜಾಗ ಶುದ್ಧ ಐತಿ. ಕಾಸಿನ ಸರಕ್ಕ ಬೆಸಿಗಿ ಹಾಕಿ ಆಮ್ಯಾಲೆ ತಗದ ರೂಪಾಯಿ ಭಾಳ ಬರ್ತಾವು, ಅಂಥಾವಕ್ಕ ಬೆಳ್ಳಿ ದರದ ಮ್ಯಾಲೆ ಕೊಡವ್ರೇ ಕಡಿಮಿ.

ಕರಾವಳಿಯಿಂದ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ 1939ರ ರೂಪಾಯಿ ಇದೆ, ಆರನೇ ಜಾರ್ಜ್. ಅದು 1911ಕ್ಕಿಂತ ದುಬಾರಿ ಅಂತಾರಲ್ಲ, ಹೌದಾ?

ಹಳೇಬಿಲ್ಲೆ

ಹೌದು, ನಿಜವಾದದ್ದು ಆದರೆ. 1939ರ ಬೆಳ್ಳಿ ರೂಪಾಯಿ ಬ್ರಿಟಿಷ್ ಇಂಡಿಯಾದ ಬಹು ಅಪರೂಪದ ರೂಪಾಯಿಗಳಲ್ಲಿ ಒಂದು. ಅದಕ್ಕೇ ನಕಲಿಯೂ ಹೇರಳ. 1938ರ ರೂಪಾಯಿಯ ಎಂಟನ್ನು ತಿದ್ದಿ ಒಂಬತ್ತು ಮಾಡುವುದು ಒಂದು ದಾರಿ. ಎರಕ ಹೊಯ್ಯುವುದು ಇನ್ನೊಂದು. ಕೊನೆಯ ಅಂಕೆಯ ಸುತ್ತ ಮೈ ಕೆರೆದ ಹಾಗೆ ಇದೆಯೇ, ಅಂಕೆಯ ಎತ್ತರ ಮಿಕ್ಕ ಮೂರು ಅಂಕೆಗಳಿಗೆ ಸಮನಾಗಿದೆಯೇ ನೋಡಿ. ಎರಕದಲ್ಲಿ ಮೈಮೇಲೆ ಸೂಜಿ ಚುಚ್ಚಿದಂಥ ರಂಧ್ರಗಳು, ಅಂಚಿನಲ್ಲಿ ಜೋಡಣೆಯ ಗೆರೆ, ಮಂದವಾದ ಅಕ್ಷರ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು, ಮಲೆನಾಡಿಗರೂ ಮಾಡಿ. ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಎಷ್ಟು ತೋರಿಸುತ್ತದೋ ಅದರಿಂದ ನಾಣ್ಯದ ತೂಕವನ್ನು ಭಾಗಿಸಿ. 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ, ಹಾಗಾಗಿ ಉತ್ತರ 10.3ರ ಸುತ್ತ ಬರಬೇಕು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಆ ರೂಪಾಯಿಗೆ 9.5ರ ಸುತ್ತ. ಎಂಟೂವರೆ ಬಂದರೆ ಅದು ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಜಾತಿಯದ್ದು. ದಾರ ಒರಟಾಗಿರಬಾರದು, ಆಮೇಲೆ ನಾಣ್ಯವನ್ನು ಮೆತ್ತನೆ ಬಟ್ಟೆಯ ಮೇಲಿಟ್ಟು ನೀರು ತಾನಾಗಿ ಆರಲು ಬಿಡಿ, ಉಜ್ಜಬೇಡಿ.

1938ನ್ನು ತಿದ್ದಿ ಮಾಡಿದ್ದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಬೆಳ್ಳಿ ಅಸಲಿಯೇ ಇರುತ್ತದಲ್ಲ. ಹಾಗಾಗಿ 1939ಕ್ಕೆ ತಿಳಿದವರ ಕಣ್ಣು ಬೇಕೇ ಬೇಕು. ನೀವು ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಮಲೆನಾಡಿಗ

ನೀರಿನ ಪರೀಕ್ಷೆ ಮಾಡಿದೆ. ತಕ್ಕಡಿ 1.12 ತೋರಿಸಿತು. 11.58ನ್ನು ಭಾಗಿಸಿದರೆ 10.34. ಅಣ್ಣನ ಎದುರಿಗೇ ಮಾಡಿದೆ, ಅವನಿಗೂ ಬಹಳ ಹಿಡಿಸಿತು.

ಈಗ ಬೆಲೆ ಹೇಳಿ. ವಿಎಫ್, ತೊಳೆದದ್ದು, ಬೊಂಬಾಯಿ, ಅಂಚಿನಲ್ಲಿ ಒರೆಗಲ್ಲಿನ ಗುರುತು. ಇಷ್ಟಕ್ಕೆ ಎಷ್ಟು?

ಗಲ್ಫ್‌ಕನ್ನಡಿಗ

ನಾನು ದುಬೈನಲ್ಲಿದ್ದೇನೆ. ಬೆಲೆ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ನೇರ ಅಮೆರಿಕಕ್ಕೆ ಕಳಿಸಿ ದರ್ಜೆ ಹಾಕಿಸಿಬಿಡಿ. ಡಬ್ಬಿಯಲ್ಲಿ ಮುಚ್ಚಿ ಬಂದರೆ ಜಗಳವೇ ಇಲ್ಲ. ಬೇಕಾದರೆ ಊರಿಗೆ ಬಂದಾಗ ನಾನೇ ತೆಗೆದುಕೊಂಡು ಹೋಗುತ್ತೇನೆ.

ಹಳೇಬಿಲ್ಲೆ

ದಯವಿಟ್ಟು ಬೇಡ. 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ದರ್ಜೆ ಹಾಕಿಸಿ ವಾಪಸು ತರುತ್ತೇವೆ ಅಂದರೂ ಅಷ್ಟೇ. 1911 ಆ ಗಡಿ ದಾಟಿ ಎಷ್ಟೋ ವರ್ಷ ಆಗಿದೆ. ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದೀರಿ ಅಂತ ಗೊತ್ತು, ಆದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಳ್ಳುವುದು ನೀವು. ಮನೆಯಲ್ಲಿ ಇಟ್ಟುಕೊಳ್ಳಲು, ದೇಶದೊಳಗೆ ಮಾರಲು ಅಡ್ಡಿ ಇಲ್ಲ. ಮಲೆನಾಡಿಗರದ್ದು ವಂಶದಿಂದ ಬಂದದ್ದು. ತೋಟ ಅಗೆಯುವಾಗ ಸಿಕ್ಕಿದ್ದಾದರೆ ಅದು ನಿಧಿ ಕಾನೂನಿಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಗಲ್ಫ್‌ಕನ್ನಡಿಗ

ಇದು ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ.

ಪೇಟೆಬೀದಿ

ಬೆಲೆ ನಾನು ಹೇಳುತ್ತೇನೆ, ಹೇಗೆ ಕಟ್ಟುವುದು ಅಂತಲೂ ಹೇಳುತ್ತೇನೆ.

ಕೆಳಗಿನ ಮಿತಿ ಬೆಳ್ಳಿ. ನಿಮ್ಮ ನಾಣ್ಯದಲ್ಲಿ ಶುದ್ಧ ಬೆಳ್ಳಿ ಸುಮಾರು 10.6 ಗ್ರಾಂ. ಮಾರುವ ದಿನದ ಗ್ರಾಂ ದರದಿಂದ ಗುಣಿಸಿ. ಯಾವ ಕಾರಣಕ್ಕೂ ಅದಕ್ಕಿಂತ ಕೆಳಗೆ ಹೋಗಬೇಡಿ.

ಮೇಲಿನದ್ದಕ್ಕೆ ನಡೆದ ಹರಾಜು ನೋಡಬೇಕು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾದಂಥ ಹರಾಜು ಮನೆಗಳ ಹಳೆ ಕ್ಯಾಟಲಾಗು ಜಾಲದಲ್ಲಿ ಸಿಗುತ್ತದೆ. 1911, ಬೊಂಬಾಯಿ ಅಂತ ಹುಡುಕಿ, ನಿಮ್ಮದಕ್ಕೆ ಹೋಲುವ ದರ್ಜೆಯವನ್ನು ಮಾತ್ರ ಆರಿಸಿ. ಯುಎನ್‌ಸಿಗೆ ಬಂದ ಬೆಲೆ ನೋಡಿ ಆಸೆ ಪಡುವುದು ಬೇಡ. ಮಾರಾಟವಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ‘ಇಷ್ಟು ಬೆಲೆ’ ಅಂತ ಯಾರೋ ಜಾಹೀರಾತು ಹಾಕಿದ ಮಾತ್ರಕ್ಕೆ ಅದು ಬೆಲೆ ಆಗುವುದಿಲ್ಲ. ಇಬ್ಬರು ಹಟಕ್ಕೆ ಬಿದ್ದು ಏರಿಸಿದ ಒಂದು ಬೆಲೆ ಇದ್ದರೆ ಬದಿಗಿಡಿ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರು ಪ್ರೀಮಿಯಂ (ಹರಾಜು ಮನೆಯ ಶುಲ್ಕ), ಜಿಎಸ್‌ಟಿ ಕಟ್ಟುತ್ತಾರೆ, ಮಾರುವವರಿಂದಲೂ ಕಮಿಷನ್ ಹಿಡಿಯುತ್ತಾರೆ. ಹಾಗಾಗಿ ಕೊಂಡವರು ಕೊಟ್ಟದ್ದಕ್ಕೂ ನಿಮ್ಮ ಕೈಗೆ ಬರುವುದಕ್ಕೂ ಅಂತರ ಇದ್ದೇ ಇರುತ್ತದೆ.

ನಿಮ್ಮ ಸ್ಥಿತಿಯ ನಾಣ್ಯಕ್ಕೆ ಇವತ್ತು ಕೆಲವು ಸಾವಿರದ ಬೆಲೆ, ಲಕ್ಷದ ಮಾತಿಲ್ಲ. ನನ್ನಂಥ ವ್ಯಾಪಾರಿ ಕೊಂಡರೆ ಹರಾಜಿನ ಬೆಲೆಗಿಂತ ಕಡಿಮೆಯೇ ಕೊಡುವುದು, ಅಂಗಡಿ ನಡೆಯಬೇಕಲ್ಲ. ಕನಿಷ್ಠ ಮೂರು ಕಡೆ ಕೇಳಿ. ಒಂದು ಕಡೆ ಕೇಳಿದ ಬೆಲೆಯನ್ನು ಇನ್ನೊಂದು ಕಡೆ ಮೊದಲೇ ಹೇಳಬೇಡಿ. ಪ್ರದರ್ಶನಕ್ಕೆ ಬಂದರೆ ಒಂದೇ ಸೂರಿನಡಿ ಕೇಳಬಹುದು.

ಧಾರವಾಡದಾಕಿ

ಮಲೆನಾಡಿಗ ಅಣ್ಣಾ, ಮಾರೂದಕ್ಕಿಂತ ಮೊದಲು ಇದೊಂದು ಕೇಳ್ರಿ. ನಮ್ಮ ಮಾವನವರು ಒಂದು ಹಳೇ ನಾಣ್ಯದ ಫೋಟೊ ಜಾಹೀರಾತಿನಾಗ ಹಾಕಿದ್ರು. ಮರುದಿನಾನೇ ಫೋನ್ ಬಂತು, ‘ನಾವು ರಿಸರ್ವ್ ಬ್ಯಾಂಕಿನ ಕಡೆಯವ್ರು, ಒಂಬತ್ತು ಲಕ್ಷ ಮಂಜೂರಾಗೇದ, ನೋಂದಣಿ ಫೀ ಕಟ್ಟ್ರಿ’ ಅಂತ. ಫೀ ಆದಮ್ಯಾಲೆ ಟ್ಯಾಕ್ಸ್, ಟ್ಯಾಕ್ಸ್ ಆದಮ್ಯಾಲೆ ವಿಮಾ. ಮನ್ಯಾಗ ಎಲ್ಲಾರೂ ಕೂತು ತಡದ್ವಿ. ರಿಸರ್ವ್ ಬ್ಯಾಂಕಿನವ್ರು 2021ರ ಆಗಸ್ಟಿನಾಗ ಪ್ರಕಟಣೆನೇ ಕೊಟ್ಟಾರ, ಹಳೇ ನಾಣ್ಯ, ನೋಟಿನ ವ್ಯವಹಾರ ತಾವು ಮಾಡಂಗಿಲ್ಲ, ಅದಕ್ಕ ಫೀ ಕಮಿಷನ್ ಕೇಳಂಗಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳಾವ್ರು ನಿಮಗ ರೊಕ್ಕ ಕೊಡಬೇಕು, ನೀವು ಅವರಿಗೆ ಒಂದು ಪೈನೂ ಕೊಡಬಾರದು. ವಯಸ್ಸಾದವ್ರು ಇದ್ದ ಮನ್ಯಾಗ ಇದನ್ನ ಒತ್ತಿ ಹೇಳ್ರಿ.

ಮಲೆನಾಡಿಗ

ಅಕ್ಕಾ, ಬಹಳ ಉಪಕಾರ ಆಯಿತು. ಅಣ್ಣನಿಗೆ ಬಂದ ಫೋನ್ ಕೂಡ ಹೀಗೇ ಇತ್ತು. ನಿಮ್ಮ ಮಾತನ್ನು ಅವನಿಗೆ ಓದಿಸಿದೆ, ಆ ನಂಬರ್ ಬ್ಲಾಕ್ ಮಾಡಿದ.

ಮನೆಯಲ್ಲಿ ಕೂತು ಮಾತಾಡಿದ್ದೇವೆ. 1911ರದ್ದನ್ನು ಮಾರುವುದಿಲ್ಲ. ಅಮ್ಮನ ಹತ್ತಿರವೇ ಇರಲಿ ಅಂತ ಅಕ್ಕ ಹೇಳಿದಳು, ಎಲ್ಲರೂ ಒಪ್ಪಿದೆವು. ಪಾಲುಪಟ್ಟಿಯಲ್ಲಿ ಇಸವಿ, ಬೊಂಬಾಯಿ ಚುಕ್ಕಿ, ತೂಕ, ನೀವು ಹೇಳಿದ ದರ್ಜೆ ಬರೆದು ಫೋಟೊ ಅಂಟಿಸುತ್ತೇವೆ. ಉಳಿದ ರೂಪಾಯಿಗಳನ್ನು ತೂಕ ಮಾಡಿ ಸಮನಾಗಿ ಹಂಚುವುದು ಅಂತ ಆಗಿದೆ. ಇಡುವುದು ಹೇಗೆ ಅಂತ ಹೇಳಿ. ಕುಂಕುಮ ಅಕ್ಷರದ ಸಂದಿಯಲ್ಲಿ ಹಾಗೇ ಇದೆ.

ಲೆನ್ಸ್‌ಕಣ್ಣು

ಕುಂಕುಮಕ್ಕೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಗಂಟೆಗಟ್ಟಲೆ ನೆನೆಹಾಕಿ, ನೀರು ಬದಲಾಯಿಸಿ ಮತ್ತೆ ನೆನೆಹಾಕಿ. ಎಣ್ಣೆ ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ. ಬೆಳ್ಳಿಗೆ ಅದು ಏನೂ ಮಾಡುವುದಿಲ್ಲ. ಬ್ರಶ್ ಬೇಡ, ಹತ್ತಿಯೂ ಬೇಡ. ನೆನೆದು ಬಿಟ್ಟಷ್ಟು ಬಿಡಲಿ, ಉಳಿದದ್ದು ಉಳಿಯಲಿ.

ಇಡಲು ಮೆತ್ತನೆಯ ಪಿವಿಸಿ ಆಲ್ಬಂ ಬೇಡವೇ ಬೇಡ. ಅದರಿಂದ ವರ್ಷ ಕಳೆದಂತೆ ಹಸಿರು ಅಂಟು ಇಳಿದು ಬೆಳ್ಳಿಯನ್ನು ತಿನ್ನುತ್ತದೆ. ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಲಕೋಟೆ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿ ತನ್ನಿ. ನಿಮ್ಮ ಮಲೆನಾಡಿನ ತೇವಕ್ಕೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಪೂಜೆಗೆ ಬೇರೆ ರೂಪಾಯಿ ಇಡಬಹುದಲ್ಲ.

ಉಳಿದವನ್ನು ತೂಕಕ್ಕೆ ಹಂಚುತ್ತೇವೆ ಅಂದಿರಿ, ಸ್ವಲ್ಪ ತಡೆಯಿರಿ. ಆನೆ ಹೋಲಿಸಲು ಹಾಕಿದ ಫೋಟೊದಲ್ಲಿ ಹಿಂದೆ ರಾಶಿ ಕಾಣುತ್ತದೆ. ಅದರಲ್ಲಿ ಎಡಗಡೆ ಅಡಿಯಲ್ಲಿ ಒಂದು 1919ರದ್ದು ಇದೆ, ಬೂದು ಬಣ್ಣ ಏರಿದೆ, ಮಿಕ್ಕವುಗಳ ಹಾಗೆ ಬೆಳ್ಳಗಿಲ್ಲ. ಸಂಪುಟದ ತಳದಲ್ಲಿ ಸಿಕ್ಕಿಕೊಂಡು ತೊಳೆಯುವವರ ಕೈಗೆ ಸಿಗದೆ ಉಳಿದಿರಬೇಕು. ರಾಜನ ಗಡ್ಡದ ಎಳೆಗಳು ಕೆನ್ನೆಯವರೆಗೂ ಬಿಡಿಬಿಡಿಯಾಗಿ ಕಾಣುತ್ತಿವೆ. 1919 ಅಪರೂಪದ ಇಸವಿ ಅಲ್ಲ, ಆದರೆ ಬೆಳಕಿನ ಪಟ್ಟಿ ಅದರ ಮೇಲೆ ತುಂಡಾಗದೆ ಸುತ್ತಿದರೆ ಅದಕ್ಕೆ ಬೆಳ್ಳಿಯ ತೂಕಕ್ಕಿಂತ ಎಷ್ಟೋ ಹೆಚ್ಚು ಕೊಡುವವರಿದ್ದಾರೆ. ತಕ್ಕಡಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಬಲ್ಬಿನ ಕೆಳಗೆ ತಿರುಗಿಸಿ ನೋಡಿ, 1919ರದ್ದನ್ನು ಬೇರೆ ಲಕೋಟೆಗೆ ಹಾಕಿ, ಎರಡೂ ಬದಿಯ ಫೋಟೊ ಮತ್ತು ಒಂದು ವಿಡಿಯೊ ಇಲ್ಲಿ ಹಾಕಿ.